ಫಿನಿಯಸ್, ಫರ್ಬ್ ಮತ್ತ ನಮ್ಮನಿ ಹುಡುಗೂರು

ಬಿಸಲು ಛಲೋ ಬಿದ್ದದ, ನಿಮ್ಮೆಲ್ಲಾರದೂ ಹಪ್ಪಳ, ಸಂಡಿಗಿ ಮುಗದಿರಬೇಕು. ನಂದು ಅರಳಿನ ಸಂಡಿಗಿ ಇನ್ನೂ ಬಾಕಿ ಅದ. ಆದ್ರ ಈ ಸಲ ಅಡಗಿ ಸುದ್ದಿ ಬ್ಯಾಡ. ಒಂದು ಕಾರ್ಟೂನಿನ ಸುದ್ದಿ ಹೇಳ್ತೀನಿ. ಐವತ್ತಾರು ತುಂಬಿದಾಕಿ ಕಾರ್ಟೂನ್ ನೋಡ್ತಾಳೇನು ಅಂತ ನಗೋರು ನಗ್ರಿ, ಆದ್ರ ಪೂರ್ತಿ ಓದ್ರಿ.

ಅದರ ಹೆಸರು ‘ಫಿನಿಯಸ್ ಆ್ಯಂಡ್ ಫರ್ಬ್’. ಅಮೇರಿಕಾದ ಡಿಸ್ನಿ ಚಾನೆಲ್ಲಿನವರು 2007ರಾಗ ಶುರು ಮಾಡಿದ್ದು. ಹಿಂದಿಯೊಳಗ ಡಬ್ ಆಗಿ ನಮ್ಮ ಕಡೀಗೂ ಬಂದಿತ್ತು. ನಿಮ್ಮ ಮಕ್ಕಳು ಸಣ್ಣೋರಿದ್ದಾಗ ನೋಡಿರಬೇಕು, ನಾವು ಒಳಗ ಒಗ್ಗರಣಿ ಹಾಕೋದ್ರಾಗ ಲಕ್ಷ್ಯ ಕೊಟ್ಟಿರಂಗಿಲ್ಲ. ನಾ ಹೋದ ಬ್ಯಾಸಗಿಯೊಳಗ ಮೊಮ್ಮಕ್ಕಳ ನಡುವ ಕೂತು ಕಣ್ಣು ತುಂಬ ನೋಡಿದೆ.

ಕತಿ ಭಾಳ ಸರಳ. ಡ್ಯಾನ್‌ವಿಲ್ ಅಂತ ಒಂದು ಕಾಲ್ಪನಿಕ ಊರು. ಅಮೇರಿಕಾದಾಗ ಪ್ಯಾಟಿಯಿಂದ ಸ್ವಲ್ಪ ದೂರ ಇರ್ತಾವಲ್ಲ, ಅಂಥಾ ಬಡಾವಣಿ. ಸಾಲಾಗಿ ಮನಿಗೋಳು, ಮುಂದ ಕತ್ತರಿಸಿದ ಹುಲ್ಲು, ಹಿಂದ ಹಿತ್ತಲ, ಹಿತ್ತಲದಾಗ ಒಂದು ದೊಡ್ಡ ಗಿಡ. ಆ ಗಿಡದ ಕೆಳಗ ಇಬ್ಬರು ಹುಡುಗೂರು ಕೂತಿರ್ತಾರ. ಫಿನಿಯಸ್‌ನ ತಲಿ ತ್ರಿಕೋಣದ್ದು, ಸಮೋಸಾ ಆಡ್ಡ ಇಟ್ಟಂಗ. ಫರ್ಬ್‌ಂದು ಉದ್ದನ ಚೌಕ ಮಾರಿ, ಹಸರ ಕೂದಲಾ. ಬ್ಯಾಸಗಿ ಸೂಟಿ 104 ದಿನ. ದಿನಾ ಮುಂಜಾನೆ ಫಿನಿಯಸ್ ಇವತ್ತ ಏನು ಮಾಡೋದು ಅಂತ ಹೇಳ್ತಾನ, ಸಂಜೀ ಒಳಗ ಇಬ್ಬರೂ ಮಾಡಿ ಮುಗಸ್ತಾರ. ಮೊದಲನೇ ದಿನ ಊರ ತುಂಬ ಓಡೋ ರೋಲರ್ ಕೋಸ್ಟರ್ ಕಟ್ಟಿದ್ರು. ಒಂದಿನ ಹಿತ್ತಲದಾಗ ಸಮುದ್ರದ ದಂಡಿ. ಒಂದಿನ ಸರ್ಕಸ್ಸು. ನಮ್ಮ ಹುಡುಗೂರಿಗೆ ಸೂಟಿ ಬಿಟ್ಟ ಎರಡನೇ ದಿನಕ್ಕ ‘ಬೋರ್ ಆಗಲಿಕತ್ತದ’ ಅಂತ ಶುರು ಆಗ್ತದ, ಅದಕ್ಕ ನನಗ ಇದು ಸೇರಿದ್ದು.

ಇವರಿಗೆ ಒಬ್ಬಾಕಿ ಅಕ್ಕ ಇದ್ದಾಳ, ಕ್ಯಾಂಡೇಸ್. ಹದಿನೈದರ ಹುಡುಗಿ. ಆಕೀಗೆ ಒಂದ ಉದ್ಯೋಗ: ಈ ಹುಡುಗೂರು ಮಾಡಿದ್ದನ್ನ ಅವ್ವಗ ತೋರಿಸಿ ಸಿಕ್ಕಿಸಬೇಕು. ಫೋನ್ ಮಾಡ್ತಾಳ, ಓಡ್ತಾಳ, ಅವ್ವನ ಕೈ ಹಿಡದು ಎಳಕೊಂಡು ಬರ್ತಾಳ. ಅವ್ವ ಹಿತ್ತಲಕ್ಕ ಬರೋದ್ರಾಗ ಅದು ಮಾಯ! ಖಾಲಿ ಹುಲ್ಲಿನ ಮ್ಯಾಲೆ ಇಬ್ಬರೂ ಸುಮ್ಮನ ಕೂತಿರ್ತಾರ. ಎಲ್ಲಾರೂ ಕ್ಯಾಂಡೇಸ್‌ನ ನೋಡಿ ನಗತಾರ. ನನಗ ಮಾತ್ರ ನಗು ಬರಂಗಿಲ್ಲ. ಐದು ಮಂದಿ ಒಡಹುಟ್ಟಿದವರೊಳಗ ಹಿರೇಮಗಳಾಗಿ ಹುಟ್ಟಿದಾಕಿ ನಾನು. ‘ನೀ ದೊಡ್ಡಾಕಿ, ಸಣ್ಣೋರ ಮ್ಯಾಲೆ ಲಕ್ಷ್ಯ ಇರಲಿ’ ಅಂತ ಅವ್ವ ಸಂತಿಗೆ ಹೋದ್ರ, ಬರೋದ್ರಾಗ ತಮ್ಮಂದಿರು ಮಾಡಿದ ರಾಡಿ ಎಲ್ಲಾ ಅವರೇ ಬಳದು ದೇವರಂಗ ಕೂತಿರತಿದ್ರು. ಹೇಳಿದ ನಾನ ಸುಳ್ಳಿ! ಹಿರೇಮಗಳಾದವರಿಗೆ ಆ ಹುಡುಗಿ ಸಂಕಟ ಗೊತ್ತಾಗ್ತದ.

ಒಂದು ಕಂತಿನ್ಯಾಗ ಆಕಿ ಗೆಲ್ಲತಾಳ ಅಂತ ಇಟ್ಕೋರಿ. ಇಪ್ಪತ್ತು ವರ್ಷದ ಮುಂದಿನ ಕ್ಯಾಂಡೇಸ್ ಹಿಂದಕ ಬಂದು ಅವ್ವಗ ರೋಲರ್ ಕೋಸ್ಟರ್ ತೋರಿಸೇ ಬಿಡ್ತಾಳ. ಆಮ್ಯಾಲೆ ಏನಾಗ್ತದ ಗೊತ್ತೇನ್ರಿ? ಮಕ್ಕಳು ಏನೂ ಮಾಡಬಾರದು ಅಂತ ಆಗಿ, ದೊಡ್ಡೋರಾಗೋ ತನಕ ಅವರನ್ನ ಮುಚ್ಚಿಡೋ ಊರಾಗ್ತದ. ಕಡೀಕ ಕ್ಯಾಂಡೇಸ್‌ಗೇ ಅದನ್ನ ತಪ್ಪಿಸಬೇಕಾಗ್ತದ. ಇದನ್ನ ನೋಡಿ ನಮ್ಮ ಮನಿಯವರು, ಪೇಪರ್ ಓದೋದು ಬಿಟ್ಟು ನೋಡಲಿಕತ್ತಿದ್ರು, ‘ಟ್ಯೂಶನ್ ಕ್ಲಾಸು’ ಅಂತ ಅಂದ್ರು ಅಷ್ಟ.

ಮಾಡಿದವರ ಹೆಸರು ಡ್ಯಾನ್ ಪೊವೆನ್‌ಮೈರ್, ಜೆಫ್ ಮಾರ್ಶ್. ಮಾರ್ಶ್‌ಗ ಎಲ್ಲಾರೂ ‘ಸ್ವಾಂಪಿ’ ಅಂತಾರ. ‘ದಿ ಸಿಂಪ್ಸನ್ಸ್’ ಕಾರ್ಟೂನಿಗೆ ಚಿತ್ರಾ ಬರಿಯೋವಾಗ ಇಬ್ಬರಿಗೂ ಗೆಳೆತನ ಆತು. ಪೊವೆನ್‌ಮೈರ್ ಒಂದಿನ ಹೋಟೆಲಿನ್ಯಾಗ ಊಟಕ್ಕ ಕೂತಾಗ ಟೇಬಲ್ಲಿಗೆ ಹಾಸಿದ್ದ ಕಾಗದದ ಮ್ಯಾಲೆ ತ್ರಿಕೋಣ ತಲಿ ಹುಡುಗನ್ನ ಗೀಚಿದನಂತ. ಅವನ ಫಿನಿಯಸ್. ಅಲ್ಲಿಂದ ಟಿವಿಗೆ ಬರಲಿಕ್ಕೆ ಹತ್ತು ವರ್ಷದ ಮ್ಯಾಲೆ ಹಿಡೀತು, ಕೇಳಿದ ಚಾನೆಲ್‌ಗೋಳು ಬ್ಯಾಡ ಅಂತ ಅಂದಿದ್ವು. ಸೂಟಿಯ ಒಂದು ದಿನಾನೂ ಹಾಳು ಮಾಡಬಾರದು ಅಂತ ಪೊವೆನ್‌ಮೈರ್‌ನ ಅವ್ವ ಹೇಳಿ ಹೇಳಿ ಬೆಳಸಿದ್ಲಂತ. ಆತ ಅಲಬಾಮಾದ ಮೊಬೈಲ್ ಅನ್ನೋ ಊರಿನ್ಯಾಗ ಬೆಳದವ. (ಊರಿನ ಹೆಸರ ಮೊಬೈಲ್! ಇದನ್ನ ಕೇಳಿ ನಮ್ಮ ಮೊಮ್ಮಗಳು ಅರ್ಧಾ ತಾಸು ನಕ್ಕಳು.)

ಒಬ್ಬ ನಮ್ಮ ದೇಶದ ಹುಡುಗನೂ ಇದ್ದಾನ, ಬಲ್ಜೀತ್. ಅವಗ ಯಾವಾಗ ನೋಡಿದ್ರೂ ಮಾರ್ಕ್ಸಿನ ಚಿಂತಿ. ಹಾಡಿನ ಶಿಬಿರಕ್ಕ ಸೇರಿದ್ರೂ ಇದಕ್ಕ ಗ್ರೇಡ್ ಕೊಡ್ತಾರೇನು ಅಂತ ಒದ್ದಾಡ್ತಾನ. ಸಿಟ್ಟು ಬಂತು, ಆದ್ರ ಪೂರಾ ಸುಳ್ಳು ಅನ್ನಲಿಕ್ಕೂ ಬಾಯಿ ಬರಲಿಲ್ಲ.

ಈಗ ಖರೇ ಮಾತಿಗೆ ಬರ್ತೀನಿ. ಫಿನಿಯಸ್, ಫರ್ಬ್ ಒಂದ ಹೊಟ್ಟೀಲೆ ಹುಟ್ಟಿದವರಲ್ಲ. ಫಿನಿಯಸ್, ಕ್ಯಾಂಡೇಸ್ ತಾಯಿ ಲಿಂಡಾನ ಮಕ್ಕಳು, ಅಡ್ಡಹೆಸರು ಫ್ಲಿನ್. ಫರ್ಬ್ ತಂದಿ ಲಾರೆನ್ಸ್‌ನ ಮಗ, ಅಡ್ಡಹೆಸರು ಫ್ಲೆಚರ್. ತಂದಿ ಇಂಗ್ಲಂಡಿನವ, ಹಳೇ ಸಾಮಾನಿನ ಅಂಗಡಿ ಇಟ್ಟಾನ. ಆ ತಾಯಿ, ಈ ತಂದಿ ಮದಿವಿ ಆಗಿ ಒಂದ ಮನಿ ಆಗೇದ. ಮನಿ ಅಡ್ಡಹೆಸರೇ ಫ್ಲಿನ್-ಫ್ಲೆಚರ್. ಮೊದಲಿನ ಗಂಡ ಯಾರು, ಮೊದಲಿನ ಹೆಂಡತಿ ಏನಾದ್ಲು ಅಂತ ಎಲ್ಲಿಯೂ ಬಿಡಿಸಿ ಹೇಳಿಲ್ಲ. ಮಾರ್ಶ್ ತಾನೂ ಇಂಥಾ ಕೂಡಿದ ಮನಿಯೊಳಗ ಬೆಳದವ, ಅದಕ್ಕ ಬೇಕಂತ ಹಿಂಗ ಇಟ್ಟಾರ. ನಮ್ಮ ಸೀರಿಯಲ್‌ದವರ ಕೈಯಾಗ ಸಿಕ್ಕಿದ್ರ ಮಲತಾಯಿ ಹಾಲಿನ ಲೋಟದಾಗ ಏನರ ಕಲಸೋದ್ರಾಗ ಮುನ್ನೂರು ಕಂತು ಆಗ್ತಿದ್ವು. ಇಲ್ಲೆ ಆ ಹುಡುಗೂರು ರೋಲರ್ ಕೋಸ್ಟರಿನ ಗಾಲಿ ಜೋಡಸ್ತಾರ. ಒಂದು ಕಂತಿನ್ಯಾಗಂತೂ ತಂದಿ-ತಾಯಿ ಮದಿವಿ ದಿನ. ತಂದಿಗೆ ಮರತ ಹೋಗೇದ. (ಅದು ಯಾವ ದೇಶದಾಗಾದ್ರೂ ಒಂದ.) ಅವರಿಬ್ಬರೂ ಪ್ರೀತಿ ಮಾಡೋವಾಗ ಹಾಡಿದ್ದ ಬ್ಯಾಂಡಿನವರನ್ನ ಹುಡುಗೂರು ಒಬ್ಬೊಬ್ಬರನ್ನ ಹುಡುಕಿ ಹಿಡಕೊಂಡು ಬಂದು ಹಿತ್ತಲದಾಗ ಹಾಡಸ್ತಾರ. ಈ ಮದಿವಿಯಿಂದ ಕೂಡಿದ ಮಕ್ಕಳು ಈ ಮದಿವಿದ ಹಬ್ಬಾ ಮಾಡೋದು ನೋಡಿ ನನ್ನ ಸೊಸಿ ಎದ್ದು ಅಡಗಿಮನಿಗೆ ಹೋದ್ಲು. ನೀರು ಕುಡೀಲಿಕ್ಕೆ ಅಂದ್ಲು.

ನಿಮಗ ಗೊತ್ತದ ಎಲ್ಲಾ, ಆದ್ರೂ ಹೇಳ್ತೀನಿ. ನನ್ನ ಮೊದಲನೇ ಸೊಸಿ ತೀರಿಕೊಂಡಾಗ ಮೊಮ್ಮಗಗ ಮೂರು ವರ್ಷ. ಈಗ ಎಂಟು. ಎರಡು ವರ್ಷದ ಹಿಂದ ಮಗ ಮತ್ತ ಮದಿವಿ ಮಾಡಿಕೊಂಡ. ಈ ಸೊಸಿಗೂ ಅದು ಎರಡನೇದು, ಕೋರ್ಟು ಕಚೇರಿ ಎಲ್ಲಾ ಮುಗಿಸಿ ಒಬ್ಬಾಕಿ ಮಗಳನ್ನ ಕರಕೊಂಡು ಬಂದಾಳ. ಹುಡುಗಿಗೆ ಈಗ ಹತ್ತು. ಸಾಲಿ ಕಾರ್ಡಿನ್ಯಾಗ ಇವಂದೊಂದು ಅಡ್ಡಹೆಸರು, ಆಕೀದೊಂದು. ಎರಡೂ ಕಾರ್ಡು ಒಂದ ಮಳಿಗೆ ತೂಗು ಹಾಕಿರ್ತಾರ.

ಹುಡುಗಿ ಭಾಳ ಮಾತಿನಾಕಿ. ಮೊಮ್ಮಗ ಅವ್ವ ಹೋದಾಗಿಂದ ಮಾತು ಕಡಿಮಿ. ಫರ್ಬ್ ಹಂಗ. ಆ ಕಾರ್ಟೂನಿನ್ಯಾಗ ಫರ್ಬ್ ಇಡೀ ಕಂತಿಗೆ ಒಂದು ಮಾತು ಆಡಿದ್ರ ಭಾಳ ಆತು. ಅವ ಹೆಚ್ಚು ಮಾತಾಡೋವಲ್ಲ, ಮಾಡೋವ ಅಂತ ಫಿನಿಯಸ್ ಹೇಳಿ ಮುಗಿಸ್ತಾನ. ಯಾರೂ ‘ಯಾಕೋ, ನಾಲಿಗಿ ಇಲ್ಲೇನು’ ಅಂತ ಕೆದಕಂಗಿಲ್ಲ. ಡಾಕ್ಟರ್‌ಕಡೆ ತೋರಿಸ್ರಿ ಅಂತ ಸಲಹಾ ಕೊಡೋ ಮಾಮಿ ಆ ಊರಾಗ ಇಲ್ಲ. ನಾವು ತೋರಿಸೇವಿ, ಹುಡುಗ ಆರಾಮ ಇದ್ದಾನ. ನೋಡಿದ ಮೊದಲನೇ ದಿನಾನ ಹುಡುಗಿ ಇವನ ಕಡೆ ಬೊಟ್ಟು ಮಾಡಿ ‘ನೀನ ಫರ್ಬ್’ ಅಂದ್ಲು. ಅವ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ, ಹೋಗಿ ಆಕೀ ಬಾಜೂಕ ಕೂತ. ಅಲ್ಲೀ ತನಕ ನನ್ನ ಬಾಜೂಕ ಕೂತಿದ್ದ.

ಈ ಕಾರ್ಟೂನಿನ್ಯಾಗ ಒಬ್ಬ ಕೆಟ್ಟವನೂ ಇದ್ದಾನ, ಡಾಕ್ಟರ್ ಡೂಫೆನ್‌ಶ್ಮರ್ಟ್ಸ್. ಹೆಸರು ಹೇಳಲಿಕ್ಕೆ ನನಗ ನಾಲ್ಕು ದಿನ ಹಿಡೀತು. ದಿನಾ ಒಂದು ಯಂತ್ರಾ ಮಾಡ್ತಾನ, ಹುಡುಗೂರ ಸಾಕಿದ ಪ್ಲಾಟಿಪಸ್ ಪೆರ್ರಿ ಟೊಪಗಿ ಹಾಕ್ಕೊಂಡು ಗುಪ್ತಚಾರ ಆಗಿ ಹೋಗಿ ಅದನ್ನ ಕೆಡಸ್ತದ. ಪ್ಲಾಟಿಪಸ್ ಅಂದ್ರ ಆಸ್ಟ್ರೇಲಿಯಾದ ಖರೇ ಪ್ರಾಣಿ, ಬಾತುಕೋಳಿ ಚುಂಚು, ತತ್ತೀನೂ ಇಡ್ತದ, ಮರಿಗೆ ಹಾಲೂ ಕೊಡ್ತದ. ಟೊಪಗಿ ತಗದ್ರ ಆ ಡಾಕ್ಟರಿಗೆ ಅದರ ಗುರುತೇ ಸಿಗಂಗಿಲ್ಲ! ಹಿತ್ತಲದಾಗಿನ ವಸ್ತು ಮಾಯ ಆಗೋದೂ ಎಷ್ಟೋ ಸಲ ಇವನ ಯಂತ್ರದಿಂದನ. ಇವಗ ಧ್ವನಿ ಕೊಟ್ಟಾವ ಪೊವೆನ್‌ಮೈರ್ ತಾನ.

ಇವ ಯಾಕ ಕೆಟ್ಟವ ಆದ ಅಂತ ತಾನೇ ಹೇಳ್ತಾನ, ದಿನಕ್ಕೊಂದು ಕತಿ. ಇವ ಹುಟ್ಟೋವಾಗ ಹೆತ್ತವರೇ ಹಾಜರ್ ಇರಲಿಲ್ಲಂತ. ಅಂಗಳದಾಗಿನ ಗೊಂಬಿ ಬದಲಿ ಇವನ್ನ ಬಣ್ಣದ ಅಂಗಿ ಹಾಕಿ ರಾತ್ರಿ ಎಲ್ಲಾ ನಿಂದರಸತಿದ್ರಂತ. ಅಪ್ಪ ನಾಯಿಗೆ ‘ಒಬ್ಬನೇ ಮಗ’ ಅಂತ ಹೆಸರಿಟ್ಟಿದ್ದನಂತ. ತಮ್ಮ ರೋಜರ್ ಹುಟ್ಟಿದ ಮ್ಯಾಲೆ ಅವ್ವನ ಪ್ರೀತಿ ಎಲ್ಲಾ ಅವಗ, ಅವ ಮುಂದ ಊರಿನ ಮೇಯರ್ ಆದ. ಹುಡುಗೂರು ಬಿದ್ದು ಬಿದ್ದು ನಗತಿದ್ರು, ನಾನೂ ನಕ್ಕೆ. ರಾತ್ರಿ ಮಲಗಿದಾಗ ಒಂದು ವಿಚಾರ ಬಂತು. ಆ ಕಡೆ ಮನಿಯೊಳಗ ರಕ್ತಸಂಬಂಧ ಇಲ್ಲದ ಇಬ್ಬರು ಒಂದ ಗಿಡದ ಕೆಳಗ ಖುಷೀಲೆ ಕೂತಾರ. ಈ ಕಡೆ ಹೆಂಜ್, ರೋಜರ್ ಒಂದ ಹೊಟ್ಟೀ ಅಣ್ಣ-ತಮ್ಮ, ಅವರ ನಡುವ ವಿಷಾ. ಬೆರಕಿ ಮಾಡಿದ್ದು ಯಾರು? ಒಬ್ಬಗ ಕೊಟ್ಟು ಒಬ್ಬಗ ಬಿಟ್ಟ ಅವ್ವ.

ಆ ಡಾಕ್ಟರ್ ಮಗಳು ವನೆಸ್ಸಾಗ ಮಾತ್ರ ಛಲೋ ಅಪ್ಪ. ಹೆಂಡತಿ ಬಿಟ್ಟು ಹೋಗ್ಯಾಳ, ಆದ್ರೂ ಮಗಳು ಸಣ್ಣಾಕಿದ್ದಾಗ ಕೇಳಿದ್ದ ಒಂದು ಗೊಂಬಿ ವರ್ಷಾನುಗಟ್ಟಲೆ ಹುಡಕತಾನ. 2015ರ ಜೂನ್‌ದಾಗ ಬಂದ ಕಡೀ ಕಂತಿನ್ಯಾಗ ಆಕೀ ಸಲುವಾಗಿ ಕೆಟ್ಟತನಾನೂ ಬಿಡ್ತಾನ.

ಮಾಘದಾಗ ನಮ್ಮ ಪೈಕಿ ಒಂದು ಮುಂಜಿವಿ ಆತಲ್ಲ. ಯಾರ ಮನಿ ಅಂತ ಬರ್ಯಂಗಿಲ್ಲ. ಹುಡುಗೂರಿಬ್ಬರೂ ನನ್ನ ಎಡಕ್ಕ ಬಲಕ್ಕ ನಿಂತಿದ್ರು. ಒಬ್ಬರು ಹಿರೇರು ಬಂದು, ‘ಇದರಾಗ ನಿಮ್ಮ ಖರೇ ಮೊಮ್ಮಗು ಯಾವುದ್ರಿ?’ ಅಂದ್ರು. ನಾ ಬಾಯಿ ತೆಗಿಯೋದ್ರಾಗ ಅವರ ಕೂಡ ಬಂದಾಕಿ ‘ಹುಡುಗನ ಖರೇ’ ಅಂತ ಉತ್ತರಾನೂ ಕೊಟ್ಲು. ‘ಇಬ್ಬರೂ ಖರೇನ, ಚಿವುಟಿ ನೋಡ್ರಿ ಬೇಕಾರ’ ಅಂದೆ. ನಕ್ಕರು. ಹೋಗೋವಾಗ ಹುಡುಗನ ಕೈಯಾಗ ಐನೂರರ ಪಾಕೀಟು, ಹುಡುಗಿ ಕೈಯಾಗ ಬಾಳಿಹಣ್ಣು ಇಟ್ಟು ಹೋದ್ರು. ಕೆಟ್ಟ ಮನಸ್ಸಿನವರಲ್ಲ, ನನಗ ಗೊತ್ತದ. ನನ್ನ ಬಾಣಂತನದಾಗ ತಿಂಗಳಗಟ್ಟಲೆ ಬಂದು ಎಣ್ಣಿ ನೀರು ಹಾಕಿದವರು.

ಹುಡುಗಿ ಹಣ್ಣು ಸುಲದು ಅರ್ಧಾ ಇವಗ ಕೊಟ್ಲು. ಇವ ತಿಂದ. ಆಟೋದಾಗ ಮನಿಗೆ ಬರೋ ತನಕ ಏನೂ ಮಾತಿಲ್ಲ. ಗಾಂಧಿನಗರ ದಾಟಿದ ಮ್ಯಾಲೆ ನನ್ನ ಸೆರಗು ಎಳದು, ‘ಅಜ್ಜಿ, ಐನೂರರಾಗ ಅರ್ಧಾ ಎಷ್ಟಾಗ್ತದ?’ ಅಂತ ಕೇಳಿದ. ಅವತ್ತಿನ ದಿನಕ್ಕ ಅದ ಒಂದು ಮಾತು.

ಚಿಲ್ಲರ ಇರಲಿಲ್ಲ. ಮೂಲಿ ಅಂಗಡಿಯಾಗ ನಿಂದರಿಸಿ ನೋಟು ಮುರಿಸಿಕೊಟ್ಟೆ. ಹುಡುಗಿ ತನ್ನ ಇನ್ನೂರೈವತ್ತು ಎಣಿಸಿ ನೋಡಿ, ಬಾಳಿಹಣ್ಣಿನ ಲೆಕ್ಕ ಆಗಲೇ ಚುಕ್ತಾ ಆತು ಅಂತ ಅವಗ ಹೇಳಿದ್ಲು.

ಈಗ ಸೂಟಿ ಬಂತು, ಮುಂದಿನ ವಾರ ಬೆಂಗಳೂರಿಂದ ಬರ್ತಾರ. ಆ ಕಾರ್ಟೂನೂ ಹತ್ತು ವರ್ಷ ಬಿಟ್ಟು 2025ರ ಜೂನ್ 5ಕ್ಕ ಮತ್ತ ಶುರು ಆಗೇದ, ಮತ್ತ 104 ದಿನದ ಸೂಟಿ. ಹುಡುಗಿ ಫೋನಿನ್ಯಾಗ, ಅಜ್ಜಿ ಹಿತ್ತಲದಾಗಿನ ಪ್ಯಾರಲ ಗಿಡದ ಕೆಳಗ ಏನೂ ಇಡಬ್ಯಾಡ, ಜಾಗಾ ಬೇಕಾಗ್ತದ ಅಂತ ಹೇಳ್ಯಾಳ. ಏನು ಕಟ್ಟತೀರಿ ಅಂದ್ರ ಹೇಳಲಿಲ್ಲ. ಹಿಂದಿನಿಂದ ಅವನ ಧ್ವನಿ ಬಂತು: ‘ರಟ್ಟಿನ ಡಬ್ಬಿ ಬೇಕು. ದೊಡ್ಡವು.’

ಭೆಟ್ಟಿಗೆ ಬರೋರು ಸಂಜೀಕ ಬರ್ರಿ, ಗಿರಮಿಟ್ ಮಾಡ್ತೀನಿ. ಕೈಯಾಗ ಏನೂ ತರಬ್ಯಾಡ್ರಿ. ತರೋದಾದ್ರ ಒಂದ ನಮೂನಿದು ಎರಡು ತರ್ರಿ. ಇನ್ನ ಯಾರ ಮನ್ಯಾಗ ಹೊಸಾ ಫ್ರಿಜ್ಜೋ, ವಾಷಿಂಗ್ ಮಷೀನೋ ಬಂದಿದ್ರ ಅದರ ಡಬ್ಬಿ ರದ್ದಿಗೆ ಹಾಕಬ್ಯಾಡ್ರಿ, ನನಗ ಒಂದು ಫೋನ್ ಮಾಡ್ರಿ. ನಮ್ಮ ಮನಿಯವರನ್ನ ಕಳಸ್ತೀನಿ.