ಹಾಡಿನೊಳಗಿನ ‘ನೀನು’

ಪ್ರೇಮಗೀತೆಯ ಜೀವವೆಲ್ಲ ಅದರ ಸರ್ವನಾಮದಲ್ಲಿದೆ ಎಂದರೆ ವಾಚಕರು ನಕ್ಕಾರು. ವ್ಯಾಕರಣದ ಮೇಷ್ಟರಿಗೆ ಬಿಟ್ಟರೆ ಬೇರಾರಿಗೂ ಬೇಡವಾದ ಆ ಪುಟ್ಟ ಪದಕ್ಕೆ ಇಷ್ಟು ದೊಡ್ಡ ಪಟ್ಟವೇ ಎಂದಾರು. ಆದರೆ ‘ನೀನು’ ಎಂದಿರುವಲ್ಲಿ ‘ಅವನು’ ಎಂದೋ ‘ಅವಳು’ ಎಂದೋ ಹಾಡಿ ನೋಡಿ. ಅದುವರೆಗೆ ಎಲ್ಲರದಾಗಿದ್ದ ಹಾಡು ಆ ಕ್ಷಣವೇ ಕೆಲವರ ಸೊತ್ತಾಗಿಬಿಡುತ್ತದೆ. ನಮ್ಮ ಕನ್ನಡದ ‘ನಾನು’, ‘ನೀನು’ಗಳಿಗೆ ಗಂಡು ಹೆಣ್ಣೆಂಬ ಭೇದವಿಲ್ಲ. ‘ನೀನು ಬಂದೆ’ ಎಂದರೆ ಬಂದವರು ಯಾರಾದರೂ ಆಗಬಹುದು.

ಈ ವಿಚಾರ ನನ್ನ ತಲೆಯನ್ನು ಹೊಕ್ಕದ್ದು ನನ್ನ ಸೋದರಳಿಯನಿಂದ. ಅವನು ಬೆಂಗಳೂರಿನಲ್ಲಿ ಆರು ವರ್ಷಗಳಿಂದ ತನ್ನ ಸಂಗಾತಿಯೊಡನೆ ಮನೆ ಮಾಡಿಕೊಂಡಿದ್ದಾನೆ. ಸಂಗಾತಿಯೂ ಹುಡುಗನೇ. ನನ್ನ ತಂಗಿ ಮಗನೊಡನೆ ಮಾತು ಬಿಟ್ಟವಳಲ್ಲ. ಹಬ್ಬ ಬಂದರೆ ಚಕ್ಕುಲಿ, ಕೋಡುಬಳೆ ತಪ್ಪದೆ ಕಳುಹಿಸುವಳು. ಆದರೆ ಆ ಮನೆಯ ಹೊಸ್ತಿಲನ್ನು ಮಾತ್ರ ತುಳಿದಿರಲಿಲ್ಲ. ಬಂಧುಗಳು ಕೇಳಿದರೆ, “ಯಾರೋ ಸ್ನೇಹಿತ, ಬಾಡಿಗೆಯಲ್ಲಿ ಪಾಲು” ಎಂದು ಮಾತು ತೇಲಿಸುವಳು.

ಒಂದು ದಿನ ಅವನು ಬಂದು, “ಮಾವ, ಬರುವ ಶನಿವಾರಕ್ಕೆ ನಾವು ಮನೆ ಮಾಡಿ ಆರು ವರ್ಷ ತುಂಬುತ್ತದೆ. ಸಂಜೆ ಕೇಳುವುದಕ್ಕೆ ನಾಲ್ಕು ಪ್ರೇಮಗೀತೆಗಳನ್ನು ನೀವೇ ಆರಿಸಿ ತರಬೇಕು. ಅಮ್ಮನೂ ಬರುತ್ತೇನೆ ಎಂದಿದ್ದಾಳೆ” ಎಂದನು.

“ಅದಕ್ಕೇನು, ‘ಮೈಸೂರು ಮಲ್ಲಿಗೆ’ ಇದೆಯಲ್ಲ!” ಎಂದೆ.

“ಅದನ್ನು ಕೇಳಿಯೇ ಬೆಳೆದವರು ನಾವು. ಆದರೆ ಅಲ್ಲಿ ಬಳೆಯಿದೆ, ಮಲ್ಲಿಗೆಯಿದೆ, ಮಾವನ ಮನೆಯಿದೆ. ಬೇರೆಯವರ ಮದುವೆಗೆ ಹೋದ ನೆಂಟರಂತೆ ಕೇಳಿ ಸಂತೋಷಪಡುತ್ತೇವೆ. ಆ ಒಂದು ಸಂಜೆಗೆ ಮಾತ್ರ, ನಮ್ಮಂಥವರು ನಮ್ಮಂಥವರಿಗಾಗಿ ಹಾಡಿದ್ದು ಬೇಕು.”

ಹುಡುಕಹೊರಟವನಿಗೆ ಮೊದಲು ಸಿಕ್ಕಿದ್ದು ಅಮೆರಿಕದ ಕೋಲ್ ಪೋರ್ಟರ್ 1932ರಲ್ಲಿ ಕಟ್ಟಿದ ‘ನೈಟ್ ಅಂಡ್ ಡೇ’. ಪದವೂ ಸ್ವರವೂ ಅವನವೇ. ಅವನಿಗೆ ಮದುವೆಯಾಗಿತ್ತು, ಒಲವು ಗಂಡಸರ ಕಡೆಗಿತ್ತು. ಹಗಲಿರುಳೂ ಬಿಡದೆ ಕಾಡುವ ಆ ಹಾಡಿನ ಪ್ರಿಯವ್ಯಕ್ತಿಯನ್ನು ಅವನು ‘ನೀನು’ ಎಂದೇ ಕರೆದಿದ್ದಾನೆ. ಆ ಸರ್ವನಾಮದ ಮರೆಯಲ್ಲಿ ನಿಂತು ಅವನು ಲೋಕವನ್ನೆಲ್ಲ ಕುಣಿಸಿದನು.

ಎರಡನೆಯದು ಕೆನಡಾದ ಗಾಯಕಿ ಕೆ. ಡಿ. ಲ್ಯಾಂಗ್ ಅವರ ‘ಕಾನ್‌ಸ್ಟೆಂಟ್ ಕ್ರೇವಿಂಗ್’. ತಮ್ಮ ಪ್ರೀತಿ ಹೆಂಗಸರ ಮೇಲೆ ಎಂದು ಅವರು 1992ರಲ್ಲಿ ಬಹಿರಂಗವಾಗಿ ಹೇಳಿದರು. ಹಾಡು ಬಂದದ್ದೂ ಅದೇ ವರ್ಷ. ಮರುವರ್ಷ ಅದಕ್ಕೆ ಗ್ರ್ಯಾಮಿ ಪ್ರಶಸ್ತಿಯೂ ದೊರೆಯಿತು.

ಮೂರನೆಯದು ಜಾರ್ಜ್ ಮೈಕೆಲ್ 1996ರಲ್ಲಿ ಹೊರತಂದ ‘ಜೀಸಸ್ ಟು ಎ ಚೈಲ್ಡ್’. 1993ರಲ್ಲಿ ತೀರಿಕೊಂಡ ತನ್ನ ಬ್ರೆಜಿಲಿನ ಸಂಗಾತಿ ಅನ್ಸೆಲ್ಮೊ ಫೆಲೆಪ್ಪನಿಗಾಗಿ ಅವನು ಹಾಡಿದ ಶೋಕಗೀತೆ ಅದು. ಹಾಡು ಮನೆಮನೆಯಲ್ಲೂ ಕೇಳುತ್ತಿದ್ದಾಗ ಹಾಡಿದವನು ಇನ್ನೂ ತನ್ನ ಗುಟ್ಟನ್ನು ಬಾಯಿಬಿಟ್ಟು ಹೇಳಿರಲಿಲ್ಲ, ಹೇಳಿದ್ದು 1998ರಲ್ಲಿ. ಅಳುವಾಗಲೂ ಇಂಥವರಿಗಾಗಿ ಅಳುತ್ತಿದ್ದೇನೆಂದು ಹೇಳಲಾಗದವನ ಸಂಕಟ ಎಂಥದಿರಬೇಕು!

ನಾಲ್ಕನೆಯದೇ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿತು. ಇಂಗ್ಲೆಂಡಿನ ಸಂಗೀತಕಾರ ಬೆಂಜಮಿನ್ ಬ್ರಿಟ್ಟನ್, ಗಾಯಕ ಪೀಟರ್ ಪಿಯರ್ಸ್—ಇಬ್ಬರೂ ಬಾಳಸಂಗಾತಿಗಳು. ಮೈಕೆಲೇಂಜೆಲೊವಿನ ಏಳು ಸಾನೆಟ್ಟುಗಳಿಗೆ ಬ್ರಿಟ್ಟನ್ 1940ರಲ್ಲಿ ಸ್ವರ ಹಾಕಿದನು, ಪಿಯರ್ಸ್‌ನ ಕಂಠಕ್ಕೆಂದೇ. 1942ರ ಸೆಪ್ಟೆಂಬರಿನಲ್ಲಿ, ಯುದ್ಧಕಾಲದ ಲಂಡನ್ನಿನ ವಿಗ್‌ಮೋರ್ ಹಾಲಿನಲ್ಲಿ, ಒಬ್ಬನು ಪಿಯಾನೊ ನುಡಿಸಿದನು, ಇನ್ನೊಬ್ಬನು ಹಾಡಿದನು. ನಮ್ಮಲ್ಲಿ ‘ಮೈಸೂರು ಮಲ್ಲಿಗೆ’ ಅರಳಿದ್ದೂ ಅದೇ 1942ರಲ್ಲಿ! ಒಂದು ಕಡೆ ಗಂಡಹೆಂಡಿರ ಒಲವು ಮನೆಯಂಗಳದಲ್ಲಿ ನಿಂತು ಹಾಡಿತು. ಇನ್ನೊಂದು ಕಡೆ ಗಂಡಸರಿಬ್ಬರ ಒಲವು ಇಟಾಲಿಯನ್ ಭಾಷೆಯ ಮುಸುಕು ಹೊದ್ದು ಹಾಡಿತು. ಅಂಥ ಸಂಬಂಧ ಇಂಗ್ಲೆಂಡಿನಲ್ಲಿ ಆಗ ಅಪರಾಧ. ಆ ಕಾನೂನು ಸಡಿಲಗೊಂಡದ್ದು 1967ರಲ್ಲಿ.

ಆ ಸಾನೆಟ್ಟುಗಳ ಕಥೆ ಇನ್ನೂ ಸ್ವಾರಸ್ಯವಾದುದು. ಮೈಕೆಲೇಂಜೆಲೊ ಹಲವು ಸಾನೆಟ್ಟುಗಳನ್ನು ಬರೆದದ್ದು ತೊಮಾಸೊ ದೇ ಕವಾಲಿಯೆರಿ ಎಂಬ ತರುಣನಿಗೆ. ಬ್ರಿಟ್ಟನ್ ಆರಿಸಿಕೊಂಡ ಎರಡನೆಯ ಸಾನೆಟ್ಟಿನ ಕೊನೆಯಲ್ಲಿ ‘ಅಶ್ವಾರೋಹಿ ವೀರ’ ಎಂಬ ಅರ್ಥದ ಪದವೊಂದು ಬರುತ್ತದೆ. ಗೆಳೆಯನ ಮನೆತನದ ಹೆಸರು ಅದರಲ್ಲೇ ಅಡಗಿದೆ. ನಮ್ಮ ದಾಸರು ಕೀರ್ತನೆಯ ಕೊನೆಗೆ ಇಷ್ಟದೈವದ ಅಂಕಿತವಿಟ್ಟಂತೆ! ಕವಿ ಕಾಲವಾದ ಮೇಲೆ, 1623ರಲ್ಲಿ, ಅವನ ತಮ್ಮನ ಮೊಮ್ಮಗನು ಆ ಕವಿತೆಗಳನ್ನು ಅಚ್ಚು ಹಾಕಿಸಿದನು. ಮನೆತನದ ಮರ್ಯಾದೆಗೆ ಅಂಜಿ, ‘ಅವನು’ ಎಂದಿದ್ದಲ್ಲಿ ‘ಅವಳು’ ಎಂದು ತಿದ್ದಿದನು. ಮೂಲದ ಪಾಠ ಅಚ್ಚಿನಲ್ಲಿ ಮರಳಿ ಬಂದದ್ದು 1863ರಲ್ಲಿ. ಒಂದು ಸರ್ವನಾಮ ತನ್ನ ಮನೆಗೆ ಹಿಂತಿರುಗಲು ಇನ್ನೂರ ನಲವತ್ತು ವರ್ಷ ಹಿಡಿಯಿತು!

ಶನಿವಾರ ಸಂಜೆ ಹಾಡುಗಳಾದುವು. ಹುಡುಗರಿಬ್ಬರೂ ಒಳಗೆ ಕಾಫಿ ಸೋಸುತ್ತಿದ್ದರು. ಪಿಯರ್ಸ್‌ನ ಕಂಠವನ್ನು ತಲೆತಗ್ಗಿಸಿ ಕೇಳುತ್ತಿದ್ದ ನನ್ನ ತಂಗಿ, “ಇದನ್ನು ಯಾರು ಯಾರಿಗೆ ಹಾಡಿದ್ದು, ಅಣ್ಣ?” ಎಂದಳು. ಇದ್ದುದನ್ನು ಇದ್ದಂತೆಯೇ ಹೇಳಿದೆ. 1976ರಲ್ಲಿ ಬ್ರಿಟ್ಟನ್ ತೀರಿಕೊಂಡಾಗ ಎಲಿಜಬೆತ್ ರಾಣಿಯು ಸಂತಾಪ ಸಂದೇಶ ಕಳುಹಿಸಿದ್ದು ಪಿಯರ್ಸ್‌ನಿಗೆ ಎಂಬುದನ್ನೂ, ಈಗ ಆಲ್ಡ್‌ಬರೊ ಊರಿನಲ್ಲಿ ಇಬ್ಬರ ಸಮಾಧಿಗಳೂ ಅಕ್ಕಪಕ್ಕದಲ್ಲಿವೆ ಎಂಬುದನ್ನೂ ಹೇಳಿದೆ.

“ರಾಣಿಯೇ ಅವನಿಗೆ ಕಾಗದ ಕಳಿಸಿದಳೇ?” ಎಂದು ತಂಗಿ ಬಹಳ ಹೊತ್ತು ಸುಮ್ಮನಿದ್ದಳು. “ಹಾಗಾದರೆ ಅವನೇ ಮನೆಯವನು ಎಂದು ಒಪ್ಪಿದ ಹಾಗಾಯಿತು.”

ನಮ್ಮ ದೇಶದಲ್ಲಿ ಇಂಥ ಪ್ರೀತಿ ಅಪರಾಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 6ರಂದು ಹೇಳಿತು. ಇವರಿಗೆ ಮದುವೆಯ ಹಕ್ಕನ್ನು ಕೊಡಲು 2023ರ ಅಕ್ಟೋಬರಿನಲ್ಲಿ ಒಪ್ಪಲಿಲ್ಲ. ನ್ಯಾಯಾಲಯಗಳ ಮಾತು ಹಾಗಿರಲಿ. ಮನೆಯವರು ಯಾರೆಂಬುದನ್ನು ಬಂಧುಬಳಗ ತಿಳಿದುಕೊಳ್ಳುವುದು ಕಾಗದದ ಮೇಲಿನ ವಿಳಾಸದಿಂದ. ಮುಂದಿನ ತಿಂಗಳು ನನ್ನ ಮಗಳ ಮದುವೆ. ಕಾಫಿಯ ಲೋಟವನ್ನು ಕೈಗೆತ್ತಿಕೊಳ್ಳುತ್ತ ತಂಗಿ ಅಂದಳು:

“ಅಣ್ಣ, ಇವರ ಲಗ್ನಪತ್ರಿಕೆಯ ಮೇಲೆ ಬರೀ ನನ್ನ ಮಗನ ಹೆಸರು ಬರೆದೀಯ! ಇಬ್ಬರ ಹೆಸರೂ ಬರೆ.”