ಕಾಲೋನಿ ಅನ್ನೋ ಹೆಸರು



ನಮ್ಮ ಶಿಕಾರಿಪುರ, ಸೊರಬ ಕಡೆ ಊರಿಗೆ ಊರಿನದ್ದೇ ಹೆಸರು, ನಮಗೆ ಮಾತ್ರ ಇಂಗ್ಲಿಷ್ ಹೆಸರು. ಅದೂ ಊರೂರಿಗೂ ಒಂದೇ: ಎ.ಕೆ. ಕಾಲೋನಿ, ಜನತಾ ಕಾಲೋನಿ. ಮೊದಲು ಜಾತಿ ಹಿಡಿದು ಕೇರಿ ಅಂತಿದ್ರು. ಆಮೇಲೆ ಬೋರ್ಡು ಬದಲಾಯ್ತು, ಜಾಗ ಬದಲಾಗಲಿಲ್ಲ. 'ಕಾಲೋನಿಯೋರು' ಅನ್ನೋದು ಈಗ ನಮಗೆಲ್ಲ ಮನೆತನದ ಹೆಸರಿದ್ದ ಹಾಗೆ.

ಪದದ ಮೂಲ ಲ್ಯಾಟಿನ್. ಕೊಲೊನಸ್ ಅಂದ್ರೆ ಹೊಲ ಉಳುವವನು. ರೋಮನ್ನರು ಗೆದ್ದ ಸೀಮೆಯಲ್ಲಿ ತಮ್ಮವರನ್ನು ನೆಲೆ ನಿಲ್ಲಿಸಿದ ಊರು ಕೊಲೊನಿಯ. ಜರ್ಮನಿಯ ಕಲೋನ್ ನಗರದ ಹೆಸರು ಬಂದಿದ್ದೂ ಅಲ್ಲಿಂದಲೇ. ನಮ್ಮವರೂ ಉತ್ತರು, ಬೇರೆಯವರ ಹೊಲ. ಬೆಂಗಳೂರಲ್ಲಿ ಡಾಲರ್ಸ್ ಕಾಲೋನಿ ಅಂದ್ರೆ ಗತ್ತು. ನಮ್ಮೂರಲ್ಲಿ ಬರೀ ಕಾಲೋನಿ ಅಂದ್ರೆ ಜಾತಿ.

ಹೆಸರು ಹೇಗೆ ಹುಟ್ಟುತ್ತೆ ಅಂತ ನೋಡೋಕೆ ನಮ್ಮದೇ ತಾಲ್ಲೂಕಿನ ತಾಳಗುಂದಕ್ಕೆ ಹೋಗಿ. ಪ್ರಣವೇಶ್ವರ ಗುಡಿ ಎದುರಿನ ಕಂಬದ ಮೇಲೆ ಕವಿ ಕುಬ್ಜ ಬರೆದ 5ನೇ ಶತಮಾನದ ಸಂಸ್ಕೃತ ಶಾಸನವಿದೆ. ಒಂದು ಬ್ರಾಹ್ಮಣ ಕುಟುಂಬದ ಮನೆ ಹತ್ತಿರ ಕದಂಬದ ಮರವಿತ್ತಂತೆ. ಅದನ್ನು ಜೋಪಾನ ಮಾಡಿದ್ದಕ್ಕೆ ಅವರಿಗೆ ಆ ಹೆಸರು ಬಂತು. ಮುಂದೆ ಅದೇ ರಾಜವಂಶದ ಹೆಸರಾಯ್ತು. ಇವತ್ತು ಕಾರವಾರದ ನೌಕಾನೆಲೆಗೂ ಅದೇ ಹೆಸರು. ಮರ ನಮ್ಮ ಮನೆಗಳ ಮುಂದೆಯೂ ಇದ್ದವು: ಹುಣಸೆ, ಹೊಂಗೆ, ಬೇವು. ಕಂಬದಲ್ಲಿ ಕೊರೆಸೋರು ಇರಲಿಲ್ಲ, ಅಷ್ಟೇ.

ಬಾಬಾಸಾಹೇಬರ ಹೆಸರೂ ಊರಿನಿಂದಲೇ ಬಂದಿದ್ದು, ರತ್ನಾಗಿರಿ ಜಿಲ್ಲೆಯ ಅಂಬಡವೆಯಿಂದ. ಅವರು ಹುಟ್ಟಿದ ಮಹೂ 2003ರಲ್ಲಿ ಡಾ. ಅಂಬೇಡ್ಕರ್ ನಗರವಾಯ್ತು. ಊರು ಮನೆತನಕ್ಕೆ ಕೊಟ್ಟ ಹೆಸರನ್ನು ಆ ಮನೆಯ ಮಗ ಎಷ್ಟೋ ಊರುಗಳಿಗೆ ಕೊಟ್ಟರು.

ನಾನು ಗುಮಾಸ್ತ. 'ಸಾರ್, ವಿಳಾಸದಲ್ಲಿ ಊರ ಹೆಸರಷ್ಟೇ ಬರೆದ್ರೆ ನಡೆಯುತ್ತಾ?' ಅಂತ ಅರ್ಜಿ ಹಿಡಿದ ಹುಡುಗಿಯರು ಮೆಲ್ಲಗೆ ಕೇಳ್ತಾರೆ. ಅವರಿಗೆ ಗೊತ್ತು, ಸಿಟಿಯಲ್ಲಿ ಬಾಡಿಗೆ ಮನೆ ಕೇಳೋಕೆ ಹೋದಾಗ ಆಧಾರ್ ಕಾರ್ಡೇ ಜಾತಿ ಸರ್ಟಿಫಿಕೇಟು ಆಗುತ್ತೆ ಅಂತ.

ಕೇರಳ ಸರ್ಕಾರ 2024ರ ಜೂನ್‌ನಲ್ಲಿ 'ಕಾಲೋನಿ' ಪದ ಕೈಬಿಡಲು ಆದೇಶ ಮಾಡಿತು. 2025ರ ಏಪ್ರಿಲ್‌ನಲ್ಲಿ ತಮಿಳುನಾಡೂ ಅದನ್ನೇ ಘೋಷಿಸಿತು. ನಾವೂ ಗ್ರಾಮಸಭೆಯಲ್ಲಿ ಕೇಳೋಣ. ಆದರೆ ಎರಡು ಎಚ್ಚರ ಇರಲಿ. ಹೆಸರನ್ನು ಅಲ್ಲಿ ವಾಸ ಮಾಡೋರೇ ಆರಿಸಬೇಕು, ಹೆಣ್ಣುಮಕ್ಕಳ ಮಾತಿಗೆ ಮೊದಲ ಜಾಗ ಇರಬೇಕು. ಹಳೇ ಹೆಸರಿನ ಹಕ್ಕುಪತ್ರ ಹೊಸ ಹೆಸರಿಗೂ ಸಲ್ಲುತ್ತೆ ಅಂತ ಠರಾವಿನಲ್ಲೇ ಬರೆಸಬೇಕು. ಇಲ್ಲಾಂದ್ರೆ ನಾಳೆ ಖಾತೆಗೆ, ಸಾಲಕ್ಕೆ ಆಫೀಸು ಅಲೆಯೋರು ನಾವೇ.

'ಹೆಸರು ಬದಲಾದ್ರೆ ಜಾತಿ ಹೋಗುತ್ತಾ?' ಅಂತ ಕೇಳ್ತಾರೆ. ಹೋಗಲ್ಲ. ಜಮೀನಿಗೆ, ಸ್ಮಶಾನಕ್ಕೆ, ನೀರಿಗೆ ಹೋರಾಟ ಇದ್ದೇ ಇದೆ. ಆದ್ರೆ ಆ ಅರ್ಜಿಗಳ ಮೇಲೂ ಒಂದು ವಿಳಾಸ ಬರೀಬೇಕಲ್ಲ, ಅದು ನಾವೇ ಇಟ್ಟುಕೊಂಡ ಹೆಸರಾಗಿರಲಿ. ನಿಮ್ಮ ಕೇರಿಗೆ ಏನು ಹೆಸರಿಡ್ತೀರಿ? ಮನೆಯಲ್ಲಿ ಅಜ್ಜಿ ಇದ್ರೆ ಮೊದಲು ಅವರನ್ನ ಕೇಳಿ.