ಎರೆಗೆ ಅರವತ್ತಾರು, ಗರಸಿಗೆ ಅರವತ್ತು

ಹಿಂದಿನ ಆಕ್ಸಲ್ಲಿಗೆ 60 ಹಲ್ಲಿನ ಸ್ಪ್ರಾಕೆಟ್ ಹಾಕಬೇಕೋ, 66ರದ್ದೋ? ಈ ಒಂದು ಪ್ರಶ್ನೆ ಸಿಕ್ಕರೆ ನನಗೆ ಇಡೀ ಭಾನುವಾರ ಸಾಲುವುದಿಲ್ಲ. ಮಣ್ಣಿನ ಮೇಲೆ ಕಾರ್ಟ್ ಓಡಿಸುವುದು, ಹಿಂಬದಿ ಜಾರಿಸುತ್ತ ತಿರುವು ದಾಟುವುದು ದೊಡ್ಡ ಖುಷಿಯೇ. ಆದರೆ ಅದಕ್ಕೂ ಮಿಗಿಲಾದ ಸುಖ ಓಟಕ್ಕೆ ಮುಂಚಿನದು. ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ನೆಲ ನೋಡಿ, ಹಲ್ಲು ಎಣಿಸಿ, ‘ಇವತ್ತಿಗೆ ಇದೇ’ ಎಂದು ಒಂದು ಚಕ್ರವನ್ನು ಎತ್ತಿಕೊಳ್ಳುವ ಆ ಗಳಿಗೆಗಾಗಿ ನಾನು ವಾರವಿಡೀ ಕಾಯುತ್ತೇನೆ.

ಕಾರ್ಟ್ ಎಂದರೆ ಬಹಳ ಬರಿಮೈಯ ಗಾಡಿ. ಕೊಳವೆ ಬೆಸೆದ ಚೌಕಟ್ಟು, ನಾಲ್ಕು ಗಿಡ್ಡ ಚಕ್ರ, ಒಂದು ಸೀಟು, ಬೆನ್ನ ಹತ್ತಿರ ಎಂಜಿನ್. ಸ್ಪ್ರಿಂಗ್ ಇಲ್ಲ, ಡಿಫರೆನ್ಷಿಯಲ್ ಇಲ್ಲ, ನಮ್ಮದರಲ್ಲಿ ಗೇರ್‌ಬಾಕ್ಸ್ ಕೂಡ ಇಲ್ಲ. 1956ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರ್ಟ್ ಇಂಗಲ್ಸ್ ಎಂಬಾತ ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ ಕೂರಿಸಿ ಮೊದಲ ಕಾರ್ಟ್ ಕಟ್ಟಿದ. ಅವನ ಉದ್ಯೋಗ ರೇಸ್ ಕಾರು ಕಟ್ಟುವ ಕಾರ್ಖಾನೆಯಲ್ಲಿ. ಬಿಡುವಿನಲ್ಲಿ ಕಟ್ಟಿದ್ದು ಇದು. ಬೆಂಗಳೂರಿನ ಮೀಕೋ ಕಾರ್ಟೋಪಿಯಾದಂಥ ಟ್ರ್ಯಾಕುಗಳಲ್ಲಿ ಕಾರ್ಟ್‌ಗಳು ನುಣುಪಾದ ಡಾಂಬರಿನ ಮೇಲೆ ಓಡುತ್ತವೆ. ಕಲಬುರಗಿಯಲ್ಲಿ ನಮಗೆ ಇರುವುದು ಹೊಲ. ತೊಗರಿ ರಾಶಿಯಾದ ಮೇಲೆ ಖಾಲಿ ಬಿದ್ದ ಗೆಳೆಯರ ಹೊಲಗಳಲ್ಲಿ ಟ್ರ್ಯಾಕ್ಟರ್ ಬ್ಲೇಡ್ ಎಳೆಸಿ, ಕೂಳೆ ಕಿತ್ತು, ಅಂಡಾಕಾರದ ದಾರಿ ಮಾಡಿಕೊಂಡು ನಾಲ್ಕಾರು ಜನ ಓಡಿಸುತ್ತೇವೆ. ಸಂಘವಿಲ್ಲ, ಕಪ್ಪು-ಪದಕವಿಲ್ಲ.

ನಮ್ಮ ಗಾಡಿಗಳ ಎಂಜಿನ್ ಹೋಂಡಾ ಜಿಎಕ್ಸ್ 200. ನೀರೆತ್ತುವ ಪಂಪಿಗೂ ಕಾಂಕ್ರೀಟ್ ಕಲಸುವ ಯಂತ್ರಕ್ಕೂ ಕೂರಿಸುವ 196 ಸಿಸಿಯ ಎಂಜಿನ್ ಇದು. ನಿಮಿಷಕ್ಕೆ 3600 ಸುತ್ತಿಗೆ ಸುಮಾರು ಐದೂವರೆ ಅಶ್ವಶಕ್ತಿ. ಇದರ ಎಳೆತ ಅತಿ ಹೆಚ್ಚು ಇರುವುದು 2500 ಸುತ್ತಿನ ಹತ್ತಿರ, 12.4 ನ್ಯೂಟನ್ ಮೀಟರ್. ಎಂಜಿನ್ನಿನ ತುದಿಯಲ್ಲಿ ಸೆಂಟ್ರಿಫ್ಯೂಗಲ್ ಕ್ಲಚ್, ಅದಕ್ಕೆ ಅಂಟಿಕೊಂಡ 12 ಹಲ್ಲಿನ ಪುಟ್ಟ ಚಕ್ರ, ಅಲ್ಲಿಂದ ಮೂರು ಎಂಟಾಂಶ ಇಂಚು ಪಿಚ್ಚಿನ ಸಣ್ಣ ಚೈನು, ಚೈನಿನ ಇನ್ನೊಂದು ತುದಿಗೆ ಆಕ್ಸಲ್ ಮೇಲಿನ ದೊಡ್ಡ ಚಕ್ರ. ದೊಡ್ಡದನ್ನು ಸಣ್ಣದರಿಂದ ಭಾಗಿಸಿದರೆ ಬರುವುದೇ ಗೇರ್ ಅನುಪಾತ. 60ನ್ನು 12ರಿಂದ ಭಾಗಿಸಿದರೆ 5. ಎಂಜಿನ್ ಐದು ಸುತ್ತು ತಿರುಗಿದಾಗ ಆಕ್ಸಲ್ ಒಂದು ಸುತ್ತು.

ಉಳಿದ ಲೆಕ್ಕ ಪ್ರಾಥಮಿಕ ಶಾಲೆಯ ಹುಡುಗನೂ ಮಾಡಬಲ್ಲ. ನಮ್ಮ ಹಿಂದಿನ ಟೈರಿನ ವ್ಯಾಸ 11 ಇಂಚು. ಒಂದು ಸುತ್ತಿಗೆ ಸುಮಾರು 88 ಸೆಂಟಿಮೀಟರ್ ಕ್ರಮಿಸುತ್ತದೆ. ಎಂಜಿನ್ 3600 ತಿರುಗಿದರೆ ಆಕ್ಸಲ್ 720. ಗಂಟೆಗೆ 38 ಕಿಲೋಮೀಟರ್. ಹಿಂದೆ 66 ಹಲ್ಲು ಹಾಕಿದರೆ ಮೇಲ್ಮಿತಿ 34.5ಕ್ಕೆ ಇಳಿಯುತ್ತದೆ, 54 ಹಾಕಿದರೆ 42ಕ್ಕೆ ಏರುತ್ತದೆ. ನೆಲಕ್ಕೆ ತಟ್ಟುವ ಬಲ ಇದಕ್ಕೆ ತಿರುವುಮುರುವು. ಸೋರಿಕೆಯನ್ನು ಬಿಟ್ಟು ಲೆಕ್ಕ ಹಾಕಿದರೆ 60 ಹಲ್ಲಿನಲ್ಲಿ ಟೈರು ಹಿಂದಕ್ಕೆ ಒದೆಯುವ ಬಲ ಸುಮಾರು 45 ಕೆಜಿ ತೂಕಕ್ಕೆ ಸಮ. 72 ಹಲ್ಲಿನಲ್ಲಿ 54 ಕೆಜಿ. 54 ಹಲ್ಲಿನಲ್ಲಿ 41. ಎಂಜಿನ್ ಕೊಡುವುದು ಅಷ್ಟೇ. ಅದನ್ನು ವೇಗವಾಗಿ ಖರ್ಚು ಮಾಡಬೇಕೋ ಬಲವಾಗಿಯೋ ಎಂಬುದನ್ನು ಹಲ್ಲು ತೀರ್ಮಾನಿಸುತ್ತದೆ.

ಕಪನೂರ ಕೈಗಾರಿಕಾ ಪ್ರದೇಶದಲ್ಲಿ ನಮಗೆ ಸ್ಪ್ರಾಕೆಟ್ ಕೊರೆದುಕೊಡುವ ಲೇಥ್ ಉಸ್ತಾದರು ಈ ಸಂಗತಿಯನ್ನೆಲ್ಲ ಒಂದೇ ಮಾತಲ್ಲಿ ಕೇಳುತ್ತಾರೆ.

‘ಪಿಕಪ್ ಬೇಕೋ ಸ್ಪೀಡ್ ಬೇಕೋ, ಮೊದಲ ಅದನ್ನ ಹೇಳು ಬೇಟಾ.’

‘ಎರಡೂ ಬೇಕ್ರಿ ಚಾಚಾ.’

‘ಎರಡೂ ಬೇಕಂದ್ರ ಹೊಲ ತೋರಸು. ಹೊಲ ನೋಡದ ಹಲ್ಲ ಹ್ಯಾಂಗ ಕೊರಿಲಿ?’

ಆ ಮಾತಿನ ತೂಕ ನನಗೆ ವರ್ಷ ಕಳೆದಂತೆ ಹೆಚ್ಚುತ್ತಿದೆ. ಅಮ್ಮ ಜೋಳದ ಹಿಟ್ಟಿಗೆ ಎಸರು ಹಾಕುವಾಗ ಅಳತೆಯ ಲೋಟ ಹಿಡಿಯುವುದಿಲ್ಲ. ಯಾವ ಹಿಟ್ಟು ಎಷ್ಟು ನೀರು ಕುಡಿಯುತ್ತದೆಂದು ಹಿಟ್ಟೇ ಹೇಳುತ್ತದೆ. ಹಲ್ಲಿನ ಲೆಕ್ಕವನ್ನೂ ಕೊನೆಗೆ ಹೇಳುವುದು ಮಣ್ಣು.

ಹೊಸದಾಗಿ ಬರುವ ಹುಡುಗರು ಮೊದಲು ನೋಡುವುದು ನೇರದಾರಿಯನ್ನು. ಅಲ್ಲಿ ಎಷ್ಟು ಓಡುತ್ತದೆ ಎಂದು ಕೇಳುತ್ತಾರೆ. ನಾನು ಅವರನ್ನು ಟ್ರ್ಯಾಕಿನ ಅತಿ ನಿಧಾನದ ತಿರುವಿಗೆ ಕರೆದೊಯ್ಯುತ್ತೇನೆ. ಓಟದ ಹಣೆಬರಹ ಇರುವುದು ಅಲ್ಲಿ. ನಮ್ಮ ಕ್ಲಚ್ ಸುಮಾರು 2000 ಸುತ್ತಿಗೆ ಪೂರ್ತಿ ಹಿಡಿಯುತ್ತದೆ. ಅದಕ್ಕಿಂತ ಕೆಳಗೆ ಅದರ ಶೂಗಳು ಡ್ರಮ್ಮಿನ ಒಳಗೋಡೆಗೆ ಉಜ್ಜುತ್ತ ಜಾರುತ್ತವೆ. 60 ಹಲ್ಲಿನಲ್ಲಿ 2000 ಸುತ್ತು ಎಂದರೆ ಗಂಟೆಗೆ 21 ಕಿಲೋಮೀಟರ್. ಆ ತಿರುವಿನಲ್ಲಿ ಗಾಡಿ 18ಕ್ಕೆ ಇಳಿದರೆ, ರೇಸ್ ಕೊಟ್ಟಷ್ಟೂ ಶಕ್ತಿಯ ಒಂದು ಪಾಲು ಕ್ಲಚ್ಚಿನಲ್ಲಿ ಬಿಸಿಯಾಗಿ ಹೋಗುತ್ತದೆ. ಡ್ರಮ್ ನೀಲಿಗಟ್ಟುತ್ತದೆ, ಸುಟ್ಟ ವಾಸನೆ ಬರುತ್ತದೆ, ಗಾಡಿ ಮಾತ್ರ ತೆವಳುತ್ತದೆ. 66 ಹಲ್ಲು ಹಾಕಿದರೆ ಕ್ಲಚ್ 19ಕ್ಕೇ ಹಿಡಿಯುತ್ತದೆ, 72ಕ್ಕೆ ಹದಿನೇಳೂವರೆಗೆ. ತಿರುವಿನಿಂದ ಅರ್ಧ ಸೆಕೆಂಡ್ ಮೊದಲೇ ಎದ್ದ ಗಾಡಿ ನೇರದಾರಿಯುದ್ದಕ್ಕೂ ಆ ಲಾಭವನ್ನು ಹೊತ್ತೊಯ್ಯುತ್ತದೆ. ಹಾಗಾಗಿ ನಿಧಾನದ ಜಾಗವನ್ನು ಮೊದಲು ಸಂಭಾಳಿಸಿ, ಅಲ್ಲಿಂದ ಮುಂದೆ ಎಷ್ಟು ವೇಗ ಉಳಿಯುತ್ತದೋ ಅಷ್ಟನ್ನು ತೆಗೆದುಕೊಳ್ಳುವುದು ನನ್ನ ಪದ್ಧತಿ.

ನಮ್ಮ ಅದೃಷ್ಟವೆಂದರೆ ಒಂದೇ ಜಿಲ್ಲೆಯಲ್ಲಿ ಎರಡು ಬಗೆಯ ನೆಲ ಸಿಕ್ಕಿರುವುದು. ಕಲಬುರಗಿ ಶಹರದ ಸುತ್ತ ಎರೆ ಭೂಮಿ, ತೊಗರಿಯ ಕಣಜ. ಹುಮನಾಬಾದ್ ರಸ್ತೆ ಹಿಡಿದು ಮಹಾಗಾಂವ ಕ್ರಾಸ್ ದಾಟಿ ಕಮಲಾಪುರಕ್ಕೆ ಬಂದರೆ ಕೆಂಪು ನೆಲ ಕಾಣಿಸುತ್ತದೆ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಕಮಲಾಪುರದ ಕೆಂಪು ಬಾಳೆ ಬೆಳೆಯುವುದು ಈ ಸೀಮೆಯ ಕೆಂಪು ಮಣ್ಣಿನಲ್ಲಿ, ರಾಜನಾಳ, ನವನಿಹಾಳದಂಥ ಊರುಗಳ ತೋಟಗಳಲ್ಲಿ. ಆ ತೋಟಗಳಾಚೆ ಬೆಳೆ ಹತ್ತದ ಗರಸು ನೆಲವೊಂದು ಗೆಳೆಯನದ್ದಿದೆ. ಅವನಿಗೆ ಅದು ಬರಡು. ನಮಗೆ ಅದೇ ಟ್ರ್ಯಾಕು.

ಎರೆಯ ಸ್ವಭಾವ ಜೇಡಿಯದು. ಮಳೆ ಬಂದರೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಹಸಿ ಇದ್ದಾಗ ಗಾಡಿ ಇಳಿಸುವ ಮಾತೇ ಇಲ್ಲ. ಟೈರು, ಚೈನು, ಬ್ರೇಕು ಎಲ್ಲವೂ ಒಂದೇ ಮುದ್ದೆಯಾಗುತ್ತವೆ. ಒಣಗಿದ ಮೇಲೆ ಹೆಂಟೆ ಒಡೆದು, ರೋಲರ್ ಹೊಡೆದು, ನೀರು ಚಿಮುಕಿಸಿ ಬಿಟ್ಟರೆ ಬೆಳಗಿನ ಹೊತ್ತು ಗಟ್ಟಿ ನೆಲ ಸಿಗುತ್ತದೆ. ಗಾಡಿಗಳು ಸುತ್ತುತ್ತಿದ್ದಂತೆ ಮೇಲ್ಪದರ ಹುಡಿಯಾಗಿ ತಿರುವುಗಳಲ್ಲಿ ಮಡುಗಟ್ಟುತ್ತದೆ. ಆ ಹುಡಿಯಲ್ಲಿ ಚಕ್ರ ಹೂತುಕೊಂಡು ಓಡುತ್ತದೆ, ಎಂಜಿನ್ ಅರ್ಧ ಶಕ್ತಿಯನ್ನು ಹುಡಿ ತಳ್ಳುವುದಕ್ಕೇ ಕೊಡುತ್ತಿದೆ ಅನ್ನಿಸುತ್ತದೆ. ಅಲ್ಲಿ 60 ಹಲ್ಲು ಹಾಕಿದರೆ ತಿರುವು ದಾಟುವಷ್ಟರಲ್ಲಿ ಕ್ಲಚ್ ಜಾರತೊಡಗುತ್ತದೆ. 66 ಬೇಕು, ಹೊತ್ತೇರಿ ಹುಡಿ ಆಳವಾದರೆ 68. ಮೇಲ್ಮಿತಿ ಇಳಿದದ್ದಕ್ಕೆ ಚಿಂತೆಯಿಲ್ಲ; ಎರೆಯ ನೇರದಾರಿಯಲ್ಲಿ 34ಕ್ಕಿಂತ ಮೇಲೆ ಓಡುವ ಸಂದರ್ಭವೇ ಕಡಿಮೆ.

ಗರಸಿನ ಗುಣ ಬೇರೆ. ನೀರು ನಿಲ್ಲುವುದಿಲ್ಲ, ಕೆಳಕ್ಕೆ ಇಳಿದುಹೋಗುತ್ತದೆ. ರಾತ್ರಿ ಟ್ಯಾಂಕರ್ ನೀರು ಬಿಟ್ಟು ಬೆಳಿಗ್ಗೆ ರೋಲರ್ ಹೊಡೆದ ಕಮಲಾಪುರದ ನೆಲ ಟೈರನ್ನು ಕಚ್ಚಿ ಹಿಡಿಯುತ್ತದೆ. ತಿರುವಿನಲ್ಲೂ ವೇಗ ಬೀಳುವುದಿಲ್ಲ, 24-25ರಲ್ಲೇ ದಾಟಬಹುದು. ಅಲ್ಲಿ 66 ಹಲ್ಲು ಇಟ್ಟರೆ ನೇರದಾರಿಯ ಅರ್ಧಕ್ಕೇ ಎಂಜಿನ್ ತನ್ನ ಮಿತಿ ಮುಟ್ಟಿ ಗುಂಯ್‌ಗುಡುತ್ತ ನಿಂತಲ್ಲೇ ನಿಂತುಬಿಡುತ್ತದೆ. 60 ಅಲ್ಲಿಗೆ ಸರಿ. ಮಧ್ಯಾಹ್ನದ ಹೊತ್ತಿಗೆ ಮೇಲೆ ಸಣ್ಣ ಹರಳುಗಳು ಎದ್ದು ಚೆಲ್ಲುತ್ತವೆ. ಆಗ ಟೈರು ಹರಳಿನ ಮೇಲೆ ಸುಮ್ಮನೆ ತಿರುಗುತ್ತದೆ. ಇಂಥ ಹೊತ್ತಿನಲ್ಲಿ ಹಲ್ಲು ಹೆಚ್ಚಿಸಬೇಕೆಂದು ಅನ್ನಿಸುವುದು ಸಹಜ, ನಾನು ಮಾತ್ರ 57ಕ್ಕೆ ಇಳಿಯುತ್ತೇನೆ. ಒದೆತ ಸ್ವಲ್ಪ ಮೆತ್ತಗಾದರೆ ಟೈರು ನೆಲವನ್ನು ಬಿಡುವುದಿಲ್ಲ. ನೆಲ ಹೊರಬಲ್ಲಷ್ಟನ್ನೇ ನೆಲಕ್ಕೆ ಕೊಡಬೇಕು ಎಂಬ ಮಾತು ನನಗೆ ಈ ಹರಳಿನ ನೆಲ ಕಲಿಸಿದ ಪಾಠ.

ಸೂಕ್ಷ್ಮಗಳು ಇನ್ನೂ ಇವೆ. ಅವುಗಳಲ್ಲೇ ಈ ಕೆಲಸದ ರುಚಿ. ಮುಂದಿನ ಚಕ್ರದಲ್ಲಿ ಒಂದು ಹಲ್ಲು ಇಳಿಸಿದರೆ ಹಿಂದೆ ಐದಾರು ಹಲ್ಲು ಏರಿಸಿದಷ್ಟು ವ್ಯತ್ಯಾಸವಾಗುತ್ತದೆ, ಅದರ ಜೊತೆಗೆ ಚೈನು ಹೆಚ್ಚು ಬಾಗಿ ಬೇಗ ಸವೆಯುತ್ತದೆ. ಆದ್ದರಿಂದ ನಯವಾದ ಹೊಂದಾಣಿಕೆಯೆಲ್ಲ ಹಿಂದಿನಿಂದಲೇ. ಹಾಗೆಂದು ಹಿಂದಿನದನ್ನು ಮನಸ್ಸಿಗೆ ಬಂದಷ್ಟು ಹಿಗ್ಗಿಸಲು ಬರುವುದಿಲ್ಲ: 60 ಹಲ್ಲಿನ ಚಕ್ರಕ್ಕೂ ನೆಲಕ್ಕೂ ನಡುವೆ ನಾಲ್ಕೂವರೆ ಸೆಂಟಿಮೀಟರ್ ಎಡೆ ಇದ್ದರೆ, 72ಕ್ಕೆ ಎರಡೂವರೆಯಷ್ಟೇ. ಹೊಲದಲ್ಲಿ ಅಷ್ಟು ಎತ್ತರದ ಒಂದು ಕಲ್ಲು ಸಾಕು ಚೈನು ಹಾರಲು. ಟೈರಿನ ಸುತ್ತಳತೆಯನ್ನು ನಾನು ಪುಸ್ತಕದಿಂದ ತೆಗೆದುಕೊಳ್ಳುವುದಿಲ್ಲ. ಓಡಿಸುವವನನ್ನು ಸೀಟಿನಲ್ಲಿ ಕೂರಿಸಿ, ಟೈರಿಗೆ ಸುಣ್ಣದ ಗೆರೆ ಹಾಕಿ, ಗಾಡಿ ತಳ್ಳಿ, ಗೆರೆ ಮತ್ತೆ ನೆಲ ಮುಟ್ಟುವವರೆಗಿನ ದೂರ ಅಳೆಯುತ್ತೇನೆ. ಗಾಳಿ ಕಡಿಮೆ ಮಾಡಿದ ಟೈರು ಆಳಿನ ಭಾರಕ್ಕೆ ಕುಗ್ಗುತ್ತದೆ. ಕುಗ್ಗಿದ ಟೈರು ಎಂದರೆ ಹಿಂದೆ ಒಂದೋ ಎರಡೋ ಹಲ್ಲು ಹೆಚ್ಚಿಸಿದ ಹಾಗೆಯೇ.

ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು, ಅದೂ ಕಲಬುರಗಿಯ ಬಿಸಿಲನ್ನು. 15 ಡಿಗ್ರಿಯ ಜನವರಿ ಬೆಳಗಿಗೆ ಹೋಲಿಸಿದರೆ 40 ಡಿಗ್ರಿಯ ಏಪ್ರಿಲ್ ಮಧ್ಯಾಹ್ನದ ಗಾಳಿ ನೂರಕ್ಕೆ ಎಂಟರಷ್ಟು ತೆಳು. ಎಂಜಿನ್ ಎಳೆದುಕೊಳ್ಳುವ ಗಾಳಿ ತೆಳುವಾದಂತೆ ಶಕ್ತಿಯೂ ಅಷ್ಟೇ ತಗ್ಗುತ್ತದೆ. ಐದೂವರೆ ಅಶ್ವಶಕ್ತಿಯಲ್ಲಿ ನೂರಕ್ಕೆ ಎಂಟು ಹೋಯಿತೆಂದರೆ ಅದು ಕಾಣಿಸಿಯೇ ತೀರುತ್ತದೆ. ಜನವರಿಯಲ್ಲಿ 60 ಕೇಳಿದ ಅದೇ ಗರಸು ಏಪ್ರಿಲ್‌ನಲ್ಲಿ 62 ಕೇಳುತ್ತದೆ.

ಇಷ್ಟೆಲ್ಲ ಲೆಕ್ಕ ಹಾಕಿ ಆರಿಸಿದ ಚಕ್ರ ಸರಿಯೋ ತಪ್ಪೋ ಎಂದು ಕೊನೆಗೆ ಹೇಳುವುದು ಕಿವಿ. ನಾನು ಟ್ರ್ಯಾಕಿನ ಹೊರಗೆ, ನೇರದಾರಿಯ ಕೊನೆಯ ಹತ್ತಿರ ನಿಲ್ಲುತ್ತೇನೆ. ಎಂಜಿನ್ನಿನ ದನಿ ಏರುತ್ತ ಬಂದು, ಬ್ರೇಕ್ ಒತ್ತುವ ಜಾಗಕ್ಕೆ ಹತ್ತು ಹೆಜ್ಜೆ ಮೊದಲು ತನ್ನ ತುದಿ ಮುಟ್ಟಿದರೆ ಹಲ್ಲು ಸರಿಯಾಗಿ ಕೂತಿದೆ. ಬಹಳ ಮೊದಲೇ ಮುಟ್ಟಿದರೆ ಹಲ್ಲು ಹೆಚ್ಚಾಯಿತು. ಬ್ರೇಕ್ ಒತ್ತುವವರೆಗೂ ಏರುತ್ತಲೇ ಇದ್ದರೆ ಕಡಿಮೆಯಾಯಿತು. ಆಮೇಲೆ ಸ್ಟಾಪ್‌ವಾಚ್. ಒಂದು ಸುತ್ತಿನ ಸಮಯ ಮಾತ್ರವಲ್ಲ, ನಿಧಾನದ ತಿರುವಿನಿಂದ ನೇರದಾರಿಯ ನಡುವಿನ ಕಂಬದವರೆಗಿನ ಸಮಯವನ್ನು ಬೇರೆಯಾಗಿ ಹಿಡಿಯುತ್ತೇನೆ. ಹಲ್ಲಿನ ಗುಣ ಎದ್ದು ಕಾಣುವುದು ಆ ತುಣುಕಿನಲ್ಲಿ. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ: ಹೊಲ, ಹವೆ, ನೀರು ಬಿಟ್ಟ ಹೊತ್ತು, ಹಲ್ಲು, ಸಮಯ.

ಬೆಲ್ಟ್ ಹಾಕಿದರೆ ಈ ತಾಪತ್ರಯವೇ ಇಲ್ಲವಲ್ಲ ಎನ್ನುವವರಿದ್ದಾರೆ. ಸ್ಕೂಟರಿನಲ್ಲಿ ಇರುವಂಥ ಸಿವಿಟಿ ತಾನಾಗಿ ಅನುಪಾತ ಬದಲಿಸಿಕೊಳ್ಳುತ್ತದೆ. 2007ರಿಂದ ನಡೆಯುತ್ತಿರುವ ಬಾಹಾ ಎಸ್‌ಎಇ ಇಂಡಿಯಾ ಸ್ಪರ್ಧೆಯಲ್ಲಿ ದೇಶದ ಎಂಜಿನಿಯರಿಂಗ್ ಹುಡುಗರು ಹಳ್ಳಕೊಳ್ಳ ಹಾರುವ ಗಾಡಿಗಳನ್ನು ಕಟ್ಟುತ್ತಾರೆ. ಅಲ್ಲಿ ಸಿವಿಟಿ ಬಳಸುವ ತಂಡಗಳೂ ಉಂಟು. ಬಂಡೆ, ದಿಬ್ಬ, ಕೆಸರು ಎಲ್ಲವನ್ನೂ ಒಂದೇ ಓಟದಲ್ಲಿ ದಾಟುವವರಿಗೆ ಅದು ಯೋಗ್ಯ. ಒಂದೇ ಹೊಲದಲ್ಲಿ ಸುತ್ತುವ ನನಗೆ ಚೈನೇ ಇಷ್ಟ. ಚೈನಿನಲ್ಲಿ ಶಕ್ತಿ ಹೆಚ್ಚು ಸೋರುವುದಿಲ್ಲ ಎಂಬುದು ಒಂದು ಕಾರಣ. ದೊಡ್ಡ ಕಾರಣ ಬೇರೆ: ಒಮ್ಮೆ ಹಲ್ಲು ಆರಿಸಿ ಬೋಲ್ಟ್ ಬಿಗಿದ ಮೇಲೆ ಆ ಓಟದುದ್ದಕ್ಕೂ ಅದರೊಂದಿಗೇ ಬಾಳಬೇಕು. ತಿರುವಿನಲ್ಲಿ ಕಡಿಮೆ ಬಿದ್ದದ್ದನ್ನು ಒಳ್ಳೆಯ ಗೆರೆ ಹಿಡಿದು, ವೇಗ ಉಳಿಸಿಕೊಂಡು ಓಡಿಸುವವನು ತುಂಬಿಕೊಡಬೇಕು. ಆಯ್ಕೆಯೂ ಕೈಚಳಕವೂ ಹೀಗೆ ಒಂದಕ್ಕೊಂದು ಹೊಣೆಯಾಗುವುದು ನನಗೆ ಬಹಳ ಚೆಂದ ಕಾಣುತ್ತದೆ.

ಎಂಜಿನ್ನಿನ ವೇಗಕ್ಕೆ ಮಿತಿ ಹಾಕುವ ಗವರ್ನರ್ ತೆಗೆದುಬಿಟ್ಟರೆ 5000 ಸುತ್ತು ಓಡುತ್ತದೆ, ಹಲ್ಲಿನ ಗೊಡವೆಯೇ ಬೇಡ ಎನ್ನುವ ಸಲಹೆಯೂ ಬರುತ್ತದೆ. ನಾನು ಒಪ್ಪುವುದಿಲ್ಲ. ಪಂಪಿಗೆಂದು ಎರಕ ಹೊಯ್ದ ಫ್ಲೈವೀಲ್ ಆ ವೇಗಕ್ಕೆ ಮಾಡಿದ್ದಲ್ಲ. ಒಡೆದರೆ ಅದರ ಚೂರುಗಳು ಕೂತವನ ಬೆನ್ನ ಹತ್ತಿರವೇ ಹಾರುತ್ತವೆ. ನಮ್ಮ ಹೊಲದಲ್ಲಿ ಗವರ್ನರ್ ಮುಟ್ಟದ ಎಂಜಿನ್, ಚೈನಿಗೆ ಗಾರ್ಡ್, ತಲೆಗೆ ಹೆಲ್ಮೆಟ್ ಇಲ್ಲದೆ ಯಾರೂ ಇಳಿಯುವಂತಿಲ್ಲ. 3600ರ ಗೆರೆಯೊಳಗೆ ಎಲ್ಲರೂ ಸಮ. ಆ ಸಮಪಾಲಿನಲ್ಲಿ ಯಾರು ನೆಲವನ್ನು ಚೆನ್ನಾಗಿ ಓದಿಕೊಂಡಿದ್ದಾರೆ ಎಂಬುದೇ ನಮ್ಮ ಪಂದ್ಯ.

ಈಗ ಕಮಲಾಪುರದ ಗೆಳೆಯ ಹೊಸ ಟ್ರ್ಯಾಕಿಗೆ ಗೆರೆ ಹಾಕಿದ್ದಾನೆ. ಅವನ ಗರಸು ನೆಲವೂ ಪಕ್ಕದ ಎರೆ ಹೊಲವೂ ಸೇರಿ ಒಂದೇ ಸುತ್ತು. ನೇರದಾರಿ ಕೆಂಪಿನಲ್ಲಿ, ಬಿಗಿ ತಿರುವು ಕಪ್ಪಿನಲ್ಲಿ. ನೇರದಾರಿ ಉದ್ದವಿದೆ, 62 ಸಾಕು ಎನ್ನುವುದು ಅವನ ವಾದ. ನಿಧಾನದ ತಿರುವು ಎರೆಯಲ್ಲಿ ಬೀಳುತ್ತದೆ, ಹಾಗಾಗಿ 66 ಎನ್ನುವುದು ನನ್ನದು. ಉಸ್ತಾದರು ಎರಡನ್ನೂ ಕೊರೆದುಕೊಟ್ಟಿದ್ದಾರೆ. ಟ್ಯಾಂಕರ್ ನೀರು ಬಿಟ್ಟು ರೋಲರ್ ಆದ ಮೇಲೆ ಎರಡೂ ಚಕ್ರ ಒಂದೇ ಗಾಡಿಗೆ ಏರಲಿ, ಒಬ್ಬನೇ ಓಡಿಸಲಿ. ಹೊಲ ಯಾವುದನ್ನು ಒಪ್ಪುತ್ತದೋ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದು, ಮುಂದಿನ ಹೊಲದತ್ತ ಹೊರಡುತ್ತೇವೆ.